ಮೂವತ್ತೆಂಟು ರೂಪಾಯಿ, ಹದಿಮೂರು ಆಣೆ, ಎರಡು ಪೈ: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರು ಕೇಳಿದೊಡನೆ ನಮ್ಮ ಹಿರಿಯರ ಕಣ್ಣ ಮುಂದೆ ನಿಲ್ಲುವುದು ಒಬ್ಬ ಕೊಡುಗೈ ದಾನಿಯ ಚಿತ್ರ. ಬಡವರಿಗೆ ಅಕ್ಕಿ ಕೊಟ್ಟವರು, ಆಸ್ಪತ್ರೆ ಕಟ್ಟಿಸಿದವರು, ಜಾತಿ ಮತ ನೋಡದೆ ನೆರವಾದವರು ಎಂದು ಅವರನ್ನು ನೆನೆಯುತ್ತೇವೆ. ಈ ನೆನಪು ನ್ಯಾಯವಾದುದೇ. ಆದರೆ ಅದು ಅರ್ಧ ಚಿತ್ರ ಮಾತ್ರ. ದಾನ ಮಾಡಿದ ಶ್ರೀಮಂತರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಒಂದು ಬ್ಯಾಂಕನ್ನು ಹುಟ್ಟುಹಾಕಿ, ತಮ್ಮ ಕಾಲಾನಂತರವೂ ಅದು ಬಾಳುವಂತೆ ಮಾಡಿದವರು ಬೆರಳೆಣಿಕೆಯಷ್ಟು. ಆ ಬ್ಯಾಂಕರ್ ಹಾಜಿ ಅಬ್ದುಲ್ಲಾ ನಮ್ಮ ನೆನಪಿನಿಂದ ಮರೆಯಾಗುತ್ತಿದ್ದಾರೆ.

ಇಂದು ನಮ್ಮ ಅನೇಕ ವಿದ್ಯಾರ್ಥಿಗಳು ಬಿ.ಕಾಂ., ಬಿ.ಎ. ತರಗತಿಗಳಲ್ಲಿ ಹಣ, ಬ್ಯಾಂಕಿಂಗ್ ಮತ್ತು ಹಣಕಾಸು ಮಾರುಕಟ್ಟೆ ಎಂಬ ವಿಷಯವನ್ನು ಓದುತ್ತಿದ್ದಾರೆ. ಬಂಡವಾಳ, ಠೇವಣಿ, ಮುಂಗಡ, ನಗದು ಮೀಸಲು, ಶೇರು ಎಂಬ ಪದಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ಈ ಪದಗಳೆಲ್ಲವೂ ನಮ್ಮದೇ ಕರಾವಳಿಯ, ನಮ್ಮದೇ ಸಮುದಾಯದ ಒಬ್ಬರ ಬದುಕಿನಲ್ಲಿ ಜೀವಂತವಾಗಿದ್ದವು ಎಂಬುದು ಹಲವರಿಗೆ ತಿಳಿಯದು. ಆದ್ದರಿಂದ ಈ ಲೇಖನದಲ್ಲಿ ಅವರ ಬದುಕಿನ ಜೊತೆಗೆ ಆ ಪಾಠವನ್ನೂ ಒಂದಿಷ್ಟು ಓದೋಣ.

ಅಂದಿನ ಉಡುಪಿ

ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಜನಿಸಿದ್ದು 1882ರಲ್ಲಿ. ಆಗ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಪೇಟೆ. ಮಂಗಳೂರಿಗೆ ಅರುವತ್ತು ಕಿಲೋಮೀಟರಿನಷ್ಟೇ ದೂರವಾದರೂ ನಡುವೆ ಹಲವು ಹೊಳೆಗಳು. ಮಂಗಳೂರಿಗೇ ರೈಲು ಬಂದದ್ದು 1907ರಲ್ಲಿ. ಉಡುಪಿ ಮಠಗಳ ಊರು, ಜೊತೆಗೆ ದೊಡ್ಡ ವ್ಯಾಪಾರದ ಊರು ಕೂಡ. ಜಿಲ್ಲೆಯಲ್ಲಿ ಮಂಗಳೂರು ಬಿಟ್ಟರೆ ವ್ಯಾಪಾರಕ್ಕೆ ಉಡುಪಿಯೇ ಮುಖ್ಯವಾಗಿತ್ತು. ಅಕ್ಕಿ, ತೆಂಗು, ಮೀನು, ಜವಳಿಯ ವಹಿವಾಟು ನಡೆಯುತ್ತಿತ್ತು.

ಇಷ್ಟೆಲ್ಲ ವ್ಯಾಪಾರವಿದ್ದರೂ ಊರಿನಲ್ಲಿ ಜನಸಾಮಾನ್ಯರಿಗೆಂದು ಒಂದು ಬ್ಯಾಂಕು ಇರಲಿಲ್ಲ. ಬ್ಯಾಂಕ್ ಆಫ್ ಮದ್ರಾಸ್‌ನ ಶಾಖೆ ಮಂಗಳೂರಿನಲ್ಲಿತ್ತು. ಅದು ಸರಕಾರದ ಹಾಗೂ ಯುರೋಪಿಯನ್ ಕಂಪೆನಿಗಳ ವಹಿವಾಟನ್ನು ನೋಡಿಕೊಳ್ಳುವ ಬ್ಯಾಂಕು. ಉಡುಪಿಯ ಕಿರಾಣಿ ಅಂಗಡಿಯವನು, ಚಾಲಗೇಣಿಯ ಒಕ್ಕಲು, ದೋಣಿಯ ಮೀನುಗಾರ ಅದರ ಮೆಟ್ಟಿಲು ಹತ್ತುವಂತಿರಲಿಲ್ಲ. ಮಳೆಗಾಲ ಹಿಡಿದರೆ ಕಡಲು ಮುಚ್ಚುತ್ತದೆ, ದುಡಿಮೆ ನಿಲ್ಲುತ್ತದೆ. ಆಗ ಕೈಸಾಲ ಬೇಕು. ಮನೆಯಲ್ಲಿ ಮದುವೆಯಾದರೆ ಸಾಲ ಬೇಕು, ಬಿತ್ತನೆಗೆ ಸಾಲ ಬೇಕು. ಸಾಲ ಕೊಡುವವರು ಲೇವಾದೇವಿಗಾರರು ಮಾತ್ರ. ಕೇಳಿದಷ್ಟು ಬಡ್ಡಿ, ಅಡವಿಗೆ ಚಿನ್ನ ಇಲ್ಲವೇ ಗದ್ದೆ. ಒಮ್ಮೆ ಅಡವಿಟ್ಟದ್ದು ಮರಳಿ ಮನೆಗೆ ಬರುವ ಭರವಸೆ ಇರಲಿಲ್ಲ.

ಇನ್ನೊಂದು ಕಡೆ ಸ್ವಲ್ಪ ಉಳಿತಾಯ ಮಾಡಬಲ್ಲವರೂ ಇದ್ದರು. ಅವರ ಹಣ ಮಡಕೆಯಲ್ಲಿ, ಪೆಟ್ಟಿಗೆಯಲ್ಲಿ, ಇಲ್ಲವೇ ಒಡವೆಯ ರೂಪದಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ಒಂದು ಮನೆಯಲ್ಲಿ ಹಣ ನಿದ್ರಿಸುತ್ತಿತ್ತು, ಪಕ್ಕದ ಮನೆಯವನು ಹಣವಿಲ್ಲದೆ ನಿದ್ರೆಗೆಡುತ್ತಿದ್ದ. ಇವರಿಬ್ಬರ ನಡುವೆ ನಂಬಿಕೆಯ ಒಂದು ಸೇತುವೆ ಇರಲಿಲ್ಲ. ಅರ್ಥಶಾಸ್ತ್ರದ ಪುಸ್ತಕಗಳು ಹಣಕಾಸಿನ ಮಧ್ಯವರ್ತಿ ಸಂಸ್ಥೆ ಎಂದು ಕರೆಯುವುದು ಈ ಸೇತುವೆಯನ್ನೇ.

ಇಪ್ಪತ್ತನಾಲ್ಕರ ಹರೆಯದ ಅಧ್ಯಕ್ಷ

ಹಾಜಿ ಅಬ್ದುಲ್ಲಾ ಸಾಹೇಬರದು ಉಡುಪಿಯ ಸಿರಿವಂತ ವ್ಯಾಪಾರಿ ಮನೆತನ. ತಂದೆ ಹಾಜಿ ಕಾಸಿಂ ಸಾಹೇಬರು. ಇಂಥ ಮನೆಯ ತರುಣ ತನ್ನ ಹಣವನ್ನು ತಾನೇ ಬಡ್ಡಿಗೆ ಬಿಟ್ಟು ಇನ್ನಷ್ಟು ಸಿರಿವಂತನಾಗಬಹುದಿತ್ತು. ಅವರು ಹಿಡಿದದ್ದು ಬೇರೆ ದಾರಿ.

ಅದು ಸ್ವದೇಶಿ ಚಳವಳಿಯ ಕಾಲ. 1905ರಲ್ಲಿ ಬಂಗಾಳದ ವಿಭಜನೆಯಾದ ಮೇಲೆ ದೇಶದೆಲ್ಲೆಡೆ ವಿದೇಶಿ ವಸ್ತುಗಳ ಬಹಿಷ್ಕಾರದ ಕೂಗು ಎದ್ದಿತ್ತು. ಕೆಲವರು ಬಟ್ಟೆಯ ಬಗ್ಗೆ ಯೋಚಿಸಿದರು, ಕೆಲವರು ಶಾಲೆಯ ಬಗ್ಗೆ ಯೋಚಿಸಿದರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಮತ್ತು ಅವರ ಜೊತೆಗಾರರಾದ ಕೆಲವು ಸಜ್ಜನರು ಹಣದ ಬಗ್ಗೆ ಯೋಚಿಸಿದರು. ಊರಿನ ಹಣ ಊರಿನ ಜನರಿಗೇ ದಕ್ಕಬೇಕು ಎಂಬುದು ಅವರ ಸ್ವದೇಶಿ.

1906ರ ಫೆಬ್ರವರಿ 19ರಂದು ಅವರು ಸಾರ್ವಜನಿಕರಿಗೆ ಒಂದು ಮನವಿ ಹೊರಡಿಸಿದರು. ಈ ಸಂಸ್ಥೆಯ ಉದ್ದೇಶ ಜಾತಿ ಮತ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸವನ್ನು ಬೆಳೆಸುವುದು, ಅದರೊಂದಿಗೆ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ಎಂದು ಅದರಲ್ಲಿ ತಿಳಿಸಿದ್ದರು. ಇದೇ ಶುದ್ಧ ಸ್ವದೇಶಿ, ದೇಶವನ್ನು ಪ್ರೀತಿಸುವವರೆಲ್ಲ ಇದಕ್ಕೆ ಕೈಜೋಡಿಸಬೇಕು ಎಂಬುದು ಅದರ ಸಾರ.

1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಆರಂಭವಾಯಿತು. ಹಾಜಿ ಅಬ್ದುಲ್ಲಾ ಸ್ಥಾಪಕಾಧ್ಯಕ್ಷರು. ವಯಸ್ಸು ಸುಮಾರು ಇಪ್ಪತ್ತನಾಲ್ಕು. ಇಂದು ಆ ವಯಸ್ಸಿನಲ್ಲಿ ನಮ್ಮ ಹುಡುಗರು ಪದವಿ ಮುಗಿಸಿ ಕೆಲಸ ಹುಡುಕುತ್ತಿರುತ್ತಾರೆ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನ ಸಂಪನ್ಮೂಲವೆಂದು ಲೆಕ್ಕಕ್ಕೆ ಸಿಕ್ಕಿದ್ದು 38 ರೂಪಾಯಿ, 13 ಆಣೆ, 2 ಪೈ.

ಈ ಲೆಕ್ಕವನ್ನು ಇಂದಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ದಶಮಾಂಶ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಿಂದ. ಹಾಗಾಗಿ ಎರಡು ಪೈ ಎಂದರೆ ಒಂದು ರೂಪಾಯಿಯ ತೊಂಬತ್ತಾರನೆಯ ಒಂದು ಪಾಲು. ಅಷ್ಟು ಸಣ್ಣ ಮೊತ್ತವನ್ನೂ ಬಿಡದೆ ಪುಸ್ತಕದಲ್ಲಿ ಬರೆದಿಟ್ಟರು. ಆ ಎರಡು ಪೈಯನ್ನು ಬರೆದಿಟ್ಟ ಕೈಗೆ ಬ್ಯಾಂಕು ಎಂದರೇನೆಂದು ತಿಳಿದಿತ್ತು.

ಬ್ಯಾಂಕು ನಡೆಯುವ ಬಗೆ

ಇಲ್ಲಿ ಪಠ್ಯಪುಸ್ತಕದ ಒಂದು ಪುಟವನ್ನು ತೆರೆಯೋಣ. ಬಂಡವಾಳ ಎಂದರೆ ಶೇರುದಾರರು ಹಾಕಿದ ಹಣ. ಹಲವು ಜನ ಸೇರಿ ಶೇರು ಕೊಂಡು ಒಂದು ಉದ್ಯಮಕ್ಕೆ ಹಣ ಕೂಡಿಸುವುದೇ ಬಂಡವಾಳ ಮಾರುಕಟ್ಟೆಯ ಮೂಲ. ಬ್ಯಾಂಕಿಗೆ ನಷ್ಟವಾದರೆ ಮೊದಲು ಕರಗುವುದು ಈ ಹಣ. ಠೇವಣಿ ಎಂದರೆ ಜನರು ನಂಬಿ ಇಟ್ಟ ಹಣ. ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಅದು ಸಾಲದ ಬದಿಯಲ್ಲಿರುತ್ತದೆ, ಆಸ್ತಿಯ ಬದಿಯಲ್ಲಿ ಅಲ್ಲ. ಅನೇಕ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ತಿಜೋರಿಯಲ್ಲಿರುವ ಹಣ ಬ್ಯಾಂಕಿನದ್ದೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಬ್ಯಾಂಕು ಪ್ರತಿಯೊಬ್ಬ ಠೇವಣಿದಾರನಿಗೂ ಸಾಲಗಾರ.

ಈ ವ್ಯತ್ಯಾಸ ನಮ್ಮ ಇತಿಹಾಸಕ್ಕೆ ಹೊಸತಲ್ಲ. ಪ್ರವಾದಿ ಮುಹಮ್ಮದ್(ಸ)ರ ಸಂಗಾತಿಗಳಲ್ಲೊಬ್ಬರಾದ ಝುಬೈರ್ ಬಿನ್ ಅವ್ವಾಮ್(ರ)ರ ಬಳಿ ಜನರು ಹಣವನ್ನು ಅಮಾನತ್ತಾಗಿ ಇಡಲು ಬರುತ್ತಿದ್ದರು. ಅವರು ಅದನ್ನು ಅಮಾನತ್ತಾಗಿ ಸ್ವೀಕರಿಸದೆ, ತಮ್ಮ ಮೇಲಿನ ಸಾಲವಾಗಿ ಸ್ವೀಕರಿಸುತ್ತಿದ್ದರು. ಅಮಾನತ್ತು ಕೈಮೀರಿ ಕಳೆದುಹೋದರೆ ಇಟ್ಟವನಿಗೆ ನಷ್ಟ. ಸಾಲವಾದರೆ ಏನೇ ಆದರೂ ತಾವು ತೀರಿಸಲೇಬೇಕು ಎಂಬುದು ಅವರ ಕಾಳಜಿ. ಅವರು ಹುತಾತ್ಮರಾದಾಗ ಇಂಥ ಸಾಲಗಳ ಮೊತ್ತ ಇಪ್ಪತ್ತೆರಡು ಲಕ್ಷವಾಗಿತ್ತೆಂದು ಹದೀಸ್ ಗ್ರಂಥ ದಾಖಲಿಸುತ್ತದೆ. ಮಗ ಅಬ್ದುಲ್ಲಾ(ರ) ಜಮೀನು ಮಾರಿ ಎಲ್ಲವನ್ನೂ ತೀರಿಸಿದರು. ನಾಲ್ಕು ವರ್ಷ ಹಜ್ಜ್‌ನ ಕಾಲದಲ್ಲಿ, ಬಾಕಿ ಇರುವವರು ಬಂದು ಪಡೆಯಲಿ ಎಂದು ಸಾರಿದ ಮೇಲೆಯೇ ಉಳಿದ ಆಸ್ತಿಯನ್ನು ವಾರಸುದಾರರಿಗೆ ಹಂಚಿದರು. ಠೇವಣಿ ಎಂಬ ಪದದ ಹಿಂದಿರುವ ಹೊಣೆಗಾರಿಕೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಬ್ಯಾಂಕು ಠೇವಣಿಯ ಒಂದು ಪಾಲನ್ನು ಕೈಯಲ್ಲಿ ನಗದಾಗಿ ಇಟ್ಟುಕೊಂಡು ಉಳಿದದ್ದನ್ನು ಮುಂಗಡವಾಗಿ ಕೊಡುತ್ತದೆ. ಉದಾಹರಣೆಗೆ, ನೂರು ರೂಪಾಯಿ ಠೇವಣಿ ಬಂದರೆ ಇಪ್ಪತ್ತು ಇಟ್ಟುಕೊಂಡು ಎಂಬತ್ತನ್ನು ಒಬ್ಬ ಅಂಗಡಿಯವನಿಗೆ ಕೊಟ್ಟಿತೆನ್ನೋಣ. ಅವನು ಅದರಿಂದ ಅಕ್ಕಿ ಕೊಂಡ. ಅಕ್ಕಿ ಮಾರಿದವನು ಆ ಎಂಬತ್ತನ್ನು ಅದೇ ಬ್ಯಾಂಕಿನಲ್ಲಿ ಇಟ್ಟ. ಈಗ ಮೊದಲಿನ ಠೇವಣಿದಾರನ ಪುಸ್ತಕದಲ್ಲಿ ನೂರು, ಎರಡನೆಯವನ ಪುಸ್ತಕದಲ್ಲಿ ಎಂಬತ್ತು. ನೂರು ರೂಪಾಯಿಯಿಂದ ನೂರ ಎಂಬತ್ತು ರೂಪಾಯಿಯ ಠೇವಣಿ ಹುಟ್ಟಿತು. ಇದನ್ನೇ ಸಾಲ ಸೃಷ್ಟಿ ಎನ್ನುತ್ತಾರೆ. ಇದು ಮಾಟವಲ್ಲ, ಮೋಸವೂ ಅಲ್ಲ. ಎಲ್ಲ ಠೇವಣಿದಾರರೂ ಒಂದೇ ದಿನ ಬಂದು ಹಣ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ. ಆ ನಂಬಿಕೆ ಒಡೆದ ದಿನ ಎಷ್ಟೇ ದೊಡ್ಡ ಬ್ಯಾಂಕಾದರೂ ಕುಸಿಯುತ್ತದೆ.

ಅದೇ ವರ್ಷ ಕುಸಿದ ದೊಡ್ಡ ಮನೆ

ನಂಬಿಕೆ ಒಡೆದರೆ ಏನಾಗುತ್ತದೆ ಎಂಬುದನ್ನು ಹೊಸ ಬ್ಯಾಂಕು ತನ್ನ ಮೊದಲ ವರ್ಷದಲ್ಲೇ ನೋಡಬೇಕಾಯಿತು. ಮದ್ರಾಸಿನಲ್ಲಿ ಅರ್ಬತ್‌ನಾಟ್ ಎಂಬ ಹೆಸರಾಂತ ಬ್ರಿಟಿಷ್ ವ್ಯಾಪಾರಿ ಸಂಸ್ಥೆ ಇತ್ತು. ಅದು ಠೇವಣಿಯನ್ನೂ ಸ್ವೀಕರಿಸುತ್ತಿತ್ತು. ಮದ್ರಾಸ್ ಪ್ರಾಂತ್ಯದ ಸಾವಿರಾರು ಜನ, ಪಿಂಚಣಿದಾರರು, ವಿಧವೆಯರು, ನೌಕರರು ತಮ್ಮ ಉಳಿತಾಯವನ್ನು ಅಲ್ಲಿ ಇಟ್ಟಿದ್ದರು. ಸಂಸ್ಥೆಯ ಪಾಲುದಾರರು ಆ ಹಣವನ್ನು ದೂರದೇಶದ ಸಟ್ಟಾ ವ್ಯವಹಾರಗಳಲ್ಲಿ ತೊಡಗಿಸಿದ್ದರು. 1906ರ ಅಕ್ಟೋಬರ್ 22ರಂದು ಸಂಸ್ಥೆ ಬಾಗಿಲು ಮುಚ್ಚಿತು. ಅದರ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ಜೈಲು ಸೇರಿದ. ಆದರೆ ಹಣ ಕಳೆದುಕೊಂಡವರ ಪಾಲಿಗೆ ಅದರಿಂದ ಏನೂ ಮರಳಲಿಲ್ಲ.

ಉಡುಪಿಯ ಬ್ಯಾಂಕಿಗೆ ಆಗ ಏಳು ತಿಂಗಳು ಮಾತ್ರ. ಇಂಥ ಸುದ್ದಿ ಬಂದಾಗ ಜನರು ಎಲ್ಲ ಬ್ಯಾಂಕುಗಳನ್ನೂ ಸಂಶಯದಿಂದ ನೋಡುವುದು ಸಹಜ. ಆಗ ರಿಸರ್ವ್ ಬ್ಯಾಂಕು ಇರಲಿಲ್ಲ. ಠೇವಣಿಗೆ ವಿಮೆ ಇರಲಿಲ್ಲ. ನಮ್ಮ ದೇಶದಲ್ಲಿ ಠೇವಣಿ ವಿಮೆ ಜಾರಿಗೆ ಬಂದದ್ದು 1962ರ ಜನವರಿಯಲ್ಲಿ, ಅದೂ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ನಂತರ. ಅಂದಿನ ಠೇವಣಿದಾರನಿಗೆ ಇದ್ದ ಆಧಾರ ಬ್ಯಾಂಕನ್ನು ನಡೆಸುವವರ ನಡತೆ ಮತ್ತು ಅವರ ಲೆಕ್ಕದ ಪುಸ್ತಕ, ಇವೆರಡೇ.

ಅರ್ಬತ್‌ನಾಟ್‌ನ ಪತನದಿಂದ ಎಚ್ಚೆತ್ತ ಮದ್ರಾಸಿನ ಭಾರತೀಯರು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಕಟ್ಟಿದರು. ನಮ್ಮ ಕರಾವಳಿಯಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರ ಜುಲೈಯಲ್ಲಿಯೇ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಆರಂಭಿಸಿದ್ದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಒಂದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ಒಬ್ಬ ಮುಸ್ಲಿಮ್ ವ್ಯಾಪಾರಿ ಮತ್ತು ಒಬ್ಬ ಹಿಂದೂ ವಕೀಲರು ಎರಡು ಸಂಸ್ಥೆಗಳನ್ನು ಕಟ್ಟಿದರು. ನಂತರ 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಇದೇ ಜಿಲ್ಲೆಯಲ್ಲಿ ಹುಟ್ಟಿದವು. ಬ್ಯಾಂಕುಗಳ ತೊಟ್ಟಿಲು ಎಂದು ಅವಿಭಜಿತ ದಕ್ಷಿಣ ಕನ್ನಡಕ್ಕೆ ಹೆಸರು ಬಂತು. ಈ ಐದರ ಪೈಕಿ ಮೊದಲನೆಯದು ಹಾಜಿ ಅಬ್ದುಲ್ಲಾ ಸಾಹೇಬರದು.

ಅವಸರವಿಲ್ಲದ ನಡಿಗೆ

ಆ ಬ್ಯಾಂಕಿನ ಆರಂಭದ ವರ್ಷಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅದರ ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ. ಅಂದರೆ ಹದಿನೇಳು ವರ್ಷ ಒಂದೇ ಊರಿನಲ್ಲಿ, ಒಂದೇ ಕಚೇರಿಯಲ್ಲಿ ಬೇರು ಬಿಟ್ಟಿತು. ಮಂಗಳೂರಿನ ರಥಬೀದಿಯ ಶಾಖೆ 1926ರಲ್ಲಿ. ಕೊಡಗಿನ ಮಡಿಕೇರಿಯಲ್ಲಿ ತೆರೆದ ಏಳನೆಯ ಶಾಖೆ 1934ರಲ್ಲಿ. ಇಪ್ಪತ್ತೆಂಟು ವರ್ಷಗಳಲ್ಲಿ ಏಳು ಶಾಖೆಗಳು.

ಇದನ್ನು ನಿಧಾನ ಎನ್ನಬಹುದು. ಆದರೆ ಪರರ ಹಣವನ್ನು ಕೈಯಲ್ಲಿ ಹಿಡಿದವನಿಗೆ ನಿಧಾನವೇ ಧರ್ಮ. ಠೇವಣಿ ಕೇಳಿದ ಕೂಡಲೇ ಕೊಡಬೇಕಾದ ಹಣ, ಕೊಟ್ಟ ಮುಂಗಡ ತಿಂಗಳು ವರ್ಷಗಳ ನಂತರ ಮರಳುವ ಹಣ. ಈ ಎರಡು ಅವಧಿಗಳ ನಡುವಿನ ಅಂತರವೇ ಬ್ಯಾಂಕಿಂಗ್‌ನ ಮೂಲ ಅಪಾಯ. ಶಾಖೆ ಹೆಚ್ಚಿಸಿ, ಮುಂಗಡ ಹೆಚ್ಚಿಸಿ ದೊಡ್ಡದಾಗಿ ಕಾಣುವ ಆಸೆಗೆ ಬಿದ್ದ ಎಷ್ಟೋ ಬ್ಯಾಂಕುಗಳು ಆ ದಶಕಗಳಲ್ಲಿ ಹೇಳಹೆಸರಿಲ್ಲದೆ ಹೋದವು. 1938ರಲ್ಲಿ ದಕ್ಷಿಣ ಭಾರತದ ದೊಡ್ಡ ಬ್ಯಾಂಕುಗಳಲ್ಲೊಂದಾಗಿದ್ದ ಟ್ರಾವಂಕೂರ್ ನ್ಯಾಷನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕು ಬಿತ್ತು. ಉಡುಪಿಯ ಸಣ್ಣ ಬ್ಯಾಂಕು ನಿಂತಿತು. ಅಷ್ಟೇ ಅಲ್ಲ, ಅದರ ಹಿಂದಿನ ವರ್ಷ, ಅಂದರೆ 1937ರಲ್ಲಿ, ಅದು ರಿಸರ್ವ್ ಬ್ಯಾಂಕ್ ಕಾಯ್ದೆಯ ಎರಡನೆಯ ಅನುಸೂಚಿಗೆ ಸೇರಿ ಅನುಸೂಚಿತ ಬ್ಯಾಂಕೆಂಬ ಮನ್ನಣೆ ಪಡೆದಿತ್ತು.

ಕೊಡುಗೈ

ಲೆಕ್ಕದಲ್ಲಿ ಎರಡು ಪೈಯನ್ನೂ ಬಿಡದವರು ತಮ್ಮ ಸ್ವಂತ ಹಣದಲ್ಲಿ ಅಷ್ಟೇ ಧಾರಾಳಿಯಾಗಿದ್ದರು. 1930ರಲ್ಲಿ ಉಡುಪಿಯಲ್ಲಿ ಹೆಂಗಸರಿಗಾಗಿ ಮತ್ತು ಮಕ್ಕಳಿಗಾಗಿ ಜಾಗ ಕೊಟ್ಟು ಆಸ್ಪತ್ರೆ ಕಟ್ಟಿಸಿದರು. ಹೆರಿಗೆ ಎಂದರೆ ತಾಯಿಗೆ ಮರುಜನ್ಮ ಎನ್ನುತ್ತಿದ್ದ ಕಾಲವದು. ಆಸ್ಪತ್ರೆಯ ಹೆರಿಗೆ ಕೋಣೆ ಬಡ ಹೆಣ್ಣುಮಕ್ಕಳಿಗೆ ಕನಸಾಗಿತ್ತು. ಆ ಜಾಗದಲ್ಲಿ ಮುಂದೆ ಹೊಸ ಕಟ್ಟಡ ಬಂದರೂ ಹಾಜಿ ಅಬ್ದುಲ್ಲಾ ಎಂಬ ಹೆಸರು ಉಳಿದಿದೆ. ಉಡುಪಿಯ ಎಷ್ಟೋ ಮನೆಗಳ ಮಕ್ಕಳು ಈ ಲೋಕಕ್ಕೆ ಕಣ್ಣು ತೆರೆದದ್ದು ಅವರ ಹೆಸರಿನ ಸೂರಿನಡಿಯಲ್ಲಿ.

ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಅವರು ಎಣ್ಣೆ ಒದಗಿಸಿದರೆಂದೂ, ಕಷ್ಟಕಾಲದಲ್ಲಿ ಅಕ್ಕಿ ತರಿಸಿ ಹಸಿದವರಿಗೆ ಹಂಚಿದರೆಂದೂ ಉಡುಪಿಯ ಹಿರಿಯರು, ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲದೆ, ಹೇಳುತ್ತಾ ಬಂದಿದ್ದಾರೆ. ಸರಕಾರ ಅವರಿಗೆ ಖಾನ್ ಬಹದ್ದೂರ್ ಎಂಬ ಬಿರುದನ್ನಿತ್ತು ಗೌರವಿಸಿತು. ಮದ್ರಾಸ್ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಅವರು ಸೇವೆ ಸಲ್ಲಿಸಿದರು.

ಆದರೆ ದಾನಕ್ಕೂ ಬ್ಯಾಂಕಿಗೂ ಇರುವ ವ್ಯತ್ಯಾಸವನ್ನು ಅವರು ಚೆನ್ನಾಗಿ ಅರಿತಿದ್ದರೆಂದು ಅವರ ಬದುಕೇ ಹೇಳುತ್ತದೆ. ಕೊಟ್ಟ ಅಕ್ಕಿ ಆ ಹೊತ್ತಿನ ಹಸಿವನ್ನು ನೀಗಿಸುತ್ತದೆ. ನಾಳೆಯ ಹಸಿವಿಗೆ ಆತ ಮತ್ತೆ ಕೈಚಾಚಬೇಕು. ನ್ಯಾಯವಾದ ಷರತ್ತಿನಲ್ಲಿ ಸಿಕ್ಕ ಸಾಲ ಅವನನ್ನು ಅಂಗಡಿಯ ಯಜಮಾನನನ್ನಾಗಿ ಮಾಡಬಲ್ಲದು. ದಾನಕ್ಕೆ ಒಬ್ಬ ಶ್ರೀಮಂತ ಸಾಕು. ಬ್ಯಾಂಕಿಗೆ ಇಡೀ ಊರು ಬೇಕು.

ಬಡ್ಡಿಯ ಪ್ರಶ್ನೆ

ನಮ್ಮ ಓದುಗರ ಮನಸ್ಸಿನಲ್ಲಿ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮರೆಮಾಚಿ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕತೆಯಲ್ಲ. ಪವಿತ್ರ ಕುರ್‌ಆನ್ ರಿಬಾವನ್ನು ನಿಷೇಧಿಸಿದೆ. ಹಾಗಿರುವಾಗ ಬ್ಯಾಂಕಿಂಗ್ ಎಂಬ ವಿಷಯವನ್ನು ಮುಸ್ಲಿಮ್ ವಿದ್ಯಾರ್ಥಿ ಓದಬಹುದೇ? ಈ ಸಂಶಯದಿಂದಲೇ ಆ ದಾರಿಯನ್ನು ಬಿಟ್ಟ ಬುದ್ಧಿವಂತ ಹುಡುಗರು, ಹುಡುಗಿಯರು ನಮ್ಮಲ್ಲಿದ್ದಾರೆ.

ಬ್ಯಾಂಕ್ ಬಡ್ಡಿಯ ಕುರಿತು ಬಹುಪಾಲು ವಿದ್ವಾಂಸರ ತೀರ್ಪು ಅದು ರಿಬಾ ಎಂಬುದೇ. ಭಿನ್ನಾಭಿಪ್ರಾಯ ವ್ಯಕ್ತಪಡಿಸಿದವರೂ ಇದ್ದಾರೆ. ಅದನ್ನು ತೀರ್ಮಾನಿಸುವುದು ಉಲಮಾಗಳ ಕೆಲಸ, ಈ ಲೇಖನದ್ದಲ್ಲ. ಆದರೆ ಹಣದ ವಿದ್ಯೆಯನ್ನು ಕಲಿಯುವುದು ಬೇರೆ, ಬಡ್ಡಿ ತಿನ್ನುವುದು ಬೇರೆ. ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂದು ಅಲ್‌ಬಕರ ಅಧ್ಯಾಯದ ದೀರ್ಘ ಸೂಕ್ತವೊಂದು ವಿವರವಾಗಿ ಆದೇಶಿಸುತ್ತದೆ. ಲೆಕ್ಕ ತಿಳಿಯದವನು ಆ ಆದೇಶವನ್ನು ಪಾಲಿಸುವುದಾದರೂ ಹೇಗೆ?

ಬಡ್ಡಿರಹಿತ ವ್ಯವಸ್ಥೆಯನ್ನು ಕಟ್ಟಿದವರೂ ಹಣದ ವಿದ್ಯೆಯನ್ನು ಚೆನ್ನಾಗಿ ಬಲ್ಲವರೇ. ಈಜಿಪ್ಟಿನ ಮಿತ್ ಗಮ್ರ್ ಎಂಬ ಊರಿನಲ್ಲಿ 1963ರಲ್ಲಿ ಅಹ್ಮದ್ ಅಲ್‌ನಜ್ಜಾರ್ ಅವರು ಬಡ್ಡಿರಹಿತ ಉಳಿತಾಯ ಬ್ಯಾಂಕನ್ನು ತೆರೆದರು. ಅವರು ಅರ್ಥಶಾಸ್ತ್ರ ಓದಿದವರು, ಜರ್ಮನಿಯ ಉಳಿತಾಯ ಬ್ಯಾಂಕುಗಳನ್ನು ಕಣ್ಣಾರೆ ಕಂಡವರು. 1975ರಲ್ಲಿ ಜಿದ್ದಾದಲ್ಲಿ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ಕೆಲಸ ಆರಂಭಿಸಿತು. ನಮ್ಮ ದೇಶದಲ್ಲಿ 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸದಿರಲು ನಿರ್ಧರಿಸಿತು. ಈ ಚರ್ಚೆಯಲ್ಲಿ ನಮ್ಮ ಪರವಾಗಿ ತಿಳುವಳಿಕೆಯಿಂದ ಮಾತನಾಡಬಲ್ಲವರು ಎಷ್ಟು ಜನರಿದ್ದರು? ಪಾಠವನ್ನೇ ಓದದವನಿಗೆ ಅದರ ತಪ್ಪನ್ನು ತೋರಿಸುವ ಶಕ್ತಿಯೂ ಇರುವುದಿಲ್ಲ, ಪರ್ಯಾಯವನ್ನು ಕಟ್ಟುವ ಶಕ್ತಿಯೂ ಇರುವುದಿಲ್ಲ.

ಸ್ಥಾಪಕನ ನಂತರ

ಹಾಜಿ ಅಬ್ದುಲ್ಲಾ ಸಾಹೇಬರು 1935ರ ಆಗಸ್ಟ್‌ನಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ವಯಸ್ಸು ಐವತ್ಮೂರು. ಅದೇ ವರ್ಷದ ಏಪ್ರಿಲ್ 1ರಂದು ಭಾರತೀಯ ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿತ್ತು. ಅಂದರೆ ದೇಶಕ್ಕೆ ಒಂದು ಕೇಂದ್ರ ಬ್ಯಾಂಕು ಬರುವ ಮೊದಲಿನ ಇಪ್ಪತ್ತೊಂಬತ್ತು ವರ್ಷ, ಮೇಲೆ ಕಾವಲಿಗೆ ಯಾರೂ ಇಲ್ಲದ ಕಾಲದಲ್ಲಿ, ಅವರು ಕಟ್ಟಿದ ಸಂಸ್ಥೆ ಜನರ ಹಣವನ್ನು ಕಾಯ್ದುಕೊಂಡು ಬಂದಿತ್ತು.

ಸ್ಥಾಪಕರು ಹೋದ ಮೇಲೆ ಬ್ಯಾಂಕು ನಿಲ್ಲಲಿಲ್ಲ. ಏಕೆಂದರೆ ಅದು ಒಬ್ಬ ವ್ಯಕ್ತಿಯ ಪೆಟ್ಟಿಗೆಯಾಗಿರಲಿಲ್ಲ. ಶೇರುದಾರರು, ನಿರ್ದೇಶಕರು, ನಿಯಮಾವಳಿ, ಲೆಕ್ಕಪತ್ರ ಇರುವ ಲಿಮಿಟೆಡ್ ಕಂಪೆನಿಯಾಗಿತ್ತು. ಕಂಪೆನಿ ಕಾನೂನಿನಲ್ಲಿ ಸಂಸ್ಥೆಗೆ ಅದರ ಸದಸ್ಯರಿಂದ ಬೇರೆಯಾದ ಅಸ್ತಿತ್ವವಿದೆ ಎಂದು ವಿದ್ಯಾರ್ಥಿಗಳು ಓದುತ್ತಾರಲ್ಲ, ಅದರ ಅರ್ಥ ಇದೇ. 1939ರಲ್ಲಿ ಹೆಸರಿನಿಂದ ಉಡುಪಿ ಎಂಬುದು ಬಿಟ್ಟುಹೋಗಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಲಿಮಿಟೆಡ್ ಆಯಿತು. 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಇದರಲ್ಲಿ ವಿಲೀನವಾಯಿತು. 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಬಂತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. 1997ರಲ್ಲಿ ಅದು ತನ್ನ ಶೇರುಗಳನ್ನು ಸಾರ್ವಜನಿಕರಿಗೆ ನೀಡಿ ಶೇರು ಮಾರುಕಟ್ಟೆಯನ್ನು ಪ್ರವೇಶಿಸಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗುವಾಗ ಅದಕ್ಕೆ ದೇಶಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಶಾಖೆಗಳಿದ್ದವು. ಐದು ಸಾವಿರ ರೂಪಾಯಿ ಬಂಡವಾಳದಿಂದ ಹೊರಟ ಪಯಣ ನೂರ ಹದಿನಾಲ್ಕು ವರ್ಷ ಸಾಗಿತು.

ಅವರು ಬಾಳಿದ ಉಡುಪಿಯ ಮನೆಯಲ್ಲಿ ಬ್ಯಾಂಕು ಒಂದು ನಾಣ್ಯ ಸಂಗ್ರಹಾಲಯವನ್ನು ತೆರೆಯಿತು. ಪ್ರಾಚೀನ ಕಾಲದ ನಾಣ್ಯಗಳಿಂದ ಹಿಡಿದು ಇತ್ತೀಚಿನ ನಾಣ್ಯಗಳವರೆಗೆ ಅಲ್ಲಿ ಜೋಡಿಸಿಟ್ಟರು. ಹಣದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಇದಕ್ಕಿಂತ ಸೂಕ್ತವಾದ ಮನೆ ಸಿಕ್ಕೀತೇ?

ಅವರ ಬ್ಯಾಂಕಿನ ಹೆಸರು ಈಗ ಫಲಕಗಳ ಮೇಲಿಲ್ಲ. ಅದಕ್ಕಿಂತ ಹೆಚ್ಚು ಚಿಂತಿಸಬೇಕಾದ ವಿಷಯ ಬೇರೊಂದಿದೆ. ದೇಶದ ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲಿ ತನ್ನ ವರದಿ ಸಲ್ಲಿಸಿತು. ಹಾಜಿ ಅಬ್ದುಲ್ಲಾರ ಬ್ಯಾಂಕಿಗೆ ಅದೇ ವರ್ಷ ನೂರು ತುಂಬಿತ್ತು. ಮುಸ್ಲಿಮರು ಹೆಚ್ಚಾಗಿ ವಾಸಿಸುವ ಕೆಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲ ಸುಲಭವಾಗಿ ಸಿಗದ ನಕಾರಾತ್ಮಕ ವಲಯಗಳೆಂದು ಗುರುತಿಸಿವೆ ಎಂದು ಆ ವರದಿ ಹೇಳಿತು. ಜಾತಿ ಮತ ನೋಡದೆ ಎಲ್ಲರಿಗೂ ಬ್ಯಾಂಕು ಬೇಕೆಂದು ಒಬ್ಬ ಮುಸ್ಲಿಮ್ ತರುಣ ಕರೆಕೊಟ್ಟು ಸರಿಯಾಗಿ ನೂರು ವರ್ಷಕ್ಕೆ ಈ ಮಾತು ಬಂತು.

ಈ ಅನ್ಯಾಯದ ವಿರುದ್ಧ ದೂರುವುದು ನಮ್ಮ ಹಕ್ಕು. ದೂರಿದ ಮೇಲೆ ಮಾಡಬೇಕಾದ ಕೆಲಸವೂ ಇದೆ. ಬ್ಯಾಂಕಿನ ಒಳಗೆ ಕುಳಿತು ಸಾಲದ ಅರ್ಜಿಯನ್ನು ನ್ಯಾಯವಾಗಿ ನೋಡಬಲ್ಲವರು ಬೇಕು. ಕೌಂಟರಿನ ಈಚೆ ನಿಂತು ಅರ್ಜಿಯನ್ನು ಸರಿಯಾಗಿ ತುಂಬಬಲ್ಲ, ಲೆಕ್ಕಪತ್ರ ತೋರಿಸಬಲ್ಲ ವ್ಯಾಪಾರಿಗಳು ಬೇಕು. ಮಸೀದಿಯ, ಮದ್ರಸದ, ನಮ್ಮಂಥ ಸಂಘಗಳ ಹಣವನ್ನು ಎರಡು ಪೈಯೂ ತಪ್ಪದಂತೆ ಬರೆದಿಡಬಲ್ಲವರು ಬೇಕು. ನೀತಿ ರೂಪಿಸುವ ಸಮಿತಿಗಳ ಮುಂದೆ ಹೋಗಿ ವಿಷಯ ಮಂಡಿಸಬಲ್ಲ ಅರ್ಥಶಾಸ್ತ್ರಜ್ಞರು ಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿ ಠೇವಣಿ, ಮುಂಗಡ, ಮೀಸಲು ಎಂಬ ಪದಗಳು ಬಂದಾಗ ಅವುಗಳನ್ನು ಪರೀಕ್ಷೆಯ ಐದು ಅಂಕಗಳಿಗೆ ಮಾತ್ರ ಸೀಮಿತಗೊಳಿಸಬೇಡಿ. ಪ್ರತಿಯೊಂದು ಪದದ ಹಿಂದೆಯೂ ಯಾರದೋ ದುಡಿಮೆಯ ಹಣವಿದೆ, ಅದನ್ನು ನಂಬಿ ಕೊಟ್ಟ ಕೈಯಿದೆ. ಆ ನಂಬಿಕೆಯನ್ನು ಕಾಯುವ ವಿದ್ಯೆಯೇ ಬ್ಯಾಂಕಿಂಗ್. ಇಪ್ಪತ್ತನಾಲ್ಕರ ಹರೆಯದಲ್ಲಿ ಅದನ್ನು ಅರಿತು, ತಮ್ಮ ಸಿರಿತನಕ್ಕಿಂತ ಹೆಚ್ಚು ಬಾಳುವ ಸಂಸ್ಥೆಯೊಂದನ್ನು ಊರಿಗೆ ಕೊಟ್ಟುಹೋದವರು ಮರ್ಹೂಂ ಹಾಜಿ ಅಬ್ದುಲ್ಲಾ ಸಾಹೇಬರು. ಅಲ್ಲಾಹನು ಅವರ ಸತ್ಕರ್ಮಗಳನ್ನು ಸ್ವೀಕರಿಸಲಿ, ಅವರ ಲೋಪಗಳನ್ನು ಕ್ಷಮಿಸಲಿ. ಅವರ ಕೈಯ ಲೆಕ್ಕದ ಪುಸ್ತಕವನ್ನು ಹಿಡಿಯಬಲ್ಲವರನ್ನು ನಮ್ಮ ಮಕ್ಕಳಲ್ಲಿ ಬೆಳೆಸಲಿ. ಆಮೀನ್.